ಹೆಣಿಗೆ ಎಲ್ಲಿ ಕೆಟ್ಟಿತು? ಮಲೆನಾಡಿನ ಹವ್ಯಾಸಿಗಳಿಗೊಂದು ದೋಷ ನಿವಾರಣೆ ಕೈಪಿಡಿ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಹೆಣಿಗೆಯ ಬುಟ್ಟಿ ಅಟ್ಟದಿಂದ ಇಳಿಯುವುದು ಆರಿದ್ರಾ ಮಳೆ ಹಿಡಿದ ಮೇಲೆ. ಅದು ಮತ್ತೆ ಅಟ್ಟ ಸೇರುವುದು ಅಡಿಕೆ ಕೊಯ್ಲು ಶುರುವಾದಾಗ. ನಡುವಿನ ನಾಲ್ಕು ತಿಂಗಳಲ್ಲಿ ಆರಂಭಿಸಿದ ಕೆಲಸಗಳೆಲ್ಲ ಅದೇ ವರ್ಷ ಮುಗಿಯುವುದಿಲ್ಲ. ಸದ್ಯ ಬುಟ್ಟಿಯಲ್ಲಿ ಮೈದುನನಿಗೆಂದು ಹಾಕಿದ ಸ್ವೆಟರಿನ ಬೆನ್ನು ಮತ್ತು ಒಂದು ತೋಳು, ಜೋಡಿಯಿಲ್ಲದ ಒಂದು ಕಾಲುಚೀಲ, ಕೊಳವೆಯಂತೆ ಸುರುಳಿಕೊಂಡ ಒಂದು ಮಫ್ಲರ್, ಅತ್ತಿಗೆಯ ಮೊಮ್ಮಗನ ತಲೆಗೆ ಹಾಕಿದರೆ ಮೂಗಿನವರೆಗೆ ಇಳಿಯುವ ಒಂದು ಟೋಪಿ ಇವೆ. ನಾಲ್ಕರಲ್ಲೂ ದೋಷವಿದೆ. ಅವುಗಳನ್ನು ಒಂದೊಂದಾಗಿ ಚಾಪೆಯ ಮೇಲೆ ಹರಡಿ ಪರೀಕ್ಷಿಸಿದಾಗ ಕಂಡುಕೊಂಡದ್ದೇನೆಂದರೆ, ದೋಷ ಕಣ್ಣಿಗೆ ಬಿದ್ದ ಜಾಗ ಒಂದಾದರೆ ಅದು ಹುಟ್ಟಿದ ಜಾಗ ಇನ್ನೊಂದು. ಕಂಡ ಜಾಗದಲ್ಲೇ ಬಿಚ್ಚಿ ಮತ್ತೆ ಹೆಣೆದವರಿಗೆ ಅದೇ ದೋಷ ಮರಳಿ ಬರುವುದು ಈ ಕಾರಣದಿಂದಲೇ. ಆದ್ದರಿಂದ ಇಲ್ಲಿ ಲಕ್ಷಣದಿಂದ ಹೊರಟು ಹಿಂದಕ್ಕೆ ನಡೆದು ಕಾರಣವನ್ನು ತಲುಪುವ ಕ್ರಮವನ್ನು ಅನುಸರಿಸಿದ್ದೇನೆ.

ಬಿಚ್ಚುವ ಮೊದಲು

ಮೊದಲ ನಿಯಮ, ರಾತ್ರಿ ಬಿಚ್ಚಬಾರದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆಯಿಲ್ಲ. ಎಮರ್ಜೆನ್ಸಿ ದೀಪದ ಬೆಳಕಿನಲ್ಲಿ ಕಡು ನೀಲಿ ಉಲ್ಲನ್ನಿನ ಕುಣಿಕೆಗಳನ್ನು ಎಣಿಸಿ ತೀರ್ಮಾನಕ್ಕೆ ಬಂದದ್ದು ಬೆಳಗಿನ ಹೊತ್ತಿಗೆ ತಪ್ಪಾಗಿರುತ್ತದೆ. ಹಗಲಿನಲ್ಲಿ, ಜಗಲಿಯ ಬೆಳಕಿನಲ್ಲಿ, ಬಟ್ಟೆಯನ್ನು ಎಳೆಯದೆ ಸಮತಟ್ಟಾಗಿ ಹರಡಿ ನೋಡಬೇಕು. ಎತ್ತಿ ಹಿಡಿದು ನೋಡಿದರೆ ಸ್ವಂತ ಭಾರಕ್ಕೇ ಅದು ಉದ್ದವಾಗಿ, ಅಗಲ ಕುಗ್ಗಿ, ಇಲ್ಲದ ದೋಷವನ್ನು ತೋರಿಸುತ್ತದೆ.

ಎರಡನೆಯದಾಗಿ, ಕೈಯಲ್ಲಿರುವುದು ಯಾವ ನೂಲು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಮ್ಮ ಪೇಟೆಯಲ್ಲಿ ‘ಉಲ್ಲನ್’ ಎಂದು ಕೇಳಿದರೆ ಕುರಿಯ ಉಣ್ಣೆಯೂ ಸಿಗಬಹುದು, ಅಕ್ರಿಲಿಕ್ಕೂ ಸಿಗಬಹುದು. ಹೆಚ್ಚಾಗಿ ಸಿಗುವುದು ಎರಡನೆಯದೇ. ಲೇಬಲ್ ಕಳೆದುಹೋಗಿದ್ದರೆ ಬೆರಳುದ್ದದ ಎಳೆಯೊಂದನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ, ಅದಕ್ಕೆ ಬೆಂಕಿಕಡ್ಡಿ ತಾಗಿಸಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತಾನಾಗಿ ಆರುತ್ತದೆ, ಬೂದಿಯನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ, ಆರಿದ ಮೇಲೆ ಕಪ್ಪಾದ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಮುಂದಿನ ಬಹುತೇಕ ಪರಿಹಾರಗಳು ಈ ಒಂದು ಪರೀಕ್ಷೆಯ ಮೇಲೆ ನಿಂತಿವೆ, ಏಕೆಂದರೆ ಉಣ್ಣೆಗೆ ಔಷಧವಾದದ್ದು ಅಕ್ರಿಲಿಕ್ಕಿಗೆ ವ್ಯರ್ಥವಾಗಬಹುದು, ಕೆಲವೊಮ್ಮೆ ಅದನ್ನು ಕೆಡಿಸಲೂಬಹುದು.

ಲಕ್ಷಣ: ಅಳತೆ ಕೂಡುತ್ತಿಲ್ಲ

ಹವ್ಯಾಸಿಗಳ ಬುಟ್ಟಿಯಲ್ಲಿ ಅರ್ಧಕ್ಕೆ ನಿಂತ ಕೆಲಸಗಳಲ್ಲಿ ಹೆಚ್ಚಿನವು ಈ ಕಾರಣಕ್ಕೇ ನಿಂತಿರುತ್ತವೆ ಎಂದು ನನ್ನ ಅನುಮಾನ. ಪರೀಕ್ಷೆ ಸರಳವಾದದ್ದು. ಹೆಣೆದ ಭಾಗದ ನಡುವೆ, ಅಂಚುಗಳಿಂದ ದೂರದಲ್ಲಿ, ಸ್ಕೇಲನ್ನು ಇಟ್ಟು 10 ಸೆಂ.ಮೀ. ಅಗಲದಲ್ಲಿ ಎಷ್ಟು ಕುಣಿಕೆಗಳಿವೆಯೆಂದು ಎಣಿಸಬೇಕು. ಅರ್ಧ ಕುಣಿಕೆಯನ್ನೂ ಬಿಡಬಾರದು. ಮೂರು ಕಡೆ ಎಣಿಸಿ, ಮಾದರಿಯಲ್ಲಿ, ಅಂದರೆ ಹೆಣೆಯುವ ಸೂಚನೆಗಳನ್ನು ಬರೆದಿರುವ ಹಾಳೆಯಲ್ಲಿ, ಹೇಳಿದ ಸಂಖ್ಯೆಯೊಂದಿಗೆ ಹೋಲಿಸಬೇಕು. ಎರಡು ಕುಣಿಕೆಯ ವ್ಯತ್ಯಾಸ ಏನು ಮಹಾ ಎನ್ನಿಸುತ್ತದೆ. ಆದರೆ 10 ಸೆಂ.ಮೀ.ಗೆ 22 ಇರಬೇಕಾದಲ್ಲಿ 20 ಬಂದರೆ, 100 ಸೆಂ.ಮೀ. ಸುತ್ತಳತೆಗೆಂದು ಹಾಕಿದ 220 ಕುಣಿಕೆಗಳು 110 ಸೆಂ.ಮೀ. ಆಗುತ್ತವೆ. ಸಂಖ್ಯೆ ಕಡಿಮೆ ಬಂದರೆ ಕೈ ಸಡಿಲವಾಗಿದೆ, ತೆಳುವಾದ ಕಡ್ಡಿ ಬೇಕು. ಹೆಚ್ಚು ಬಂದರೆ ಕೈ ಬಿಗಿಯಾಗಿದೆ, ದಪ್ಪ ಕಡ್ಡಿ ಬೇಕು.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಆದರೆ ಮೈದುನನ ಸ್ವೆಟರಿನಲ್ಲಿ ನಾನು ಕೈಯನ್ನು ದೂರಿ ಎರಡು ಬಾರಿ ಬಿಚ್ಚಿದೆ. ದೋಷ ಕೈಯಲ್ಲಿ ಇರಲೇ ಇಲ್ಲ. ಮಾದರಿ ಅಮೆರಿಕದ್ದು. ಅದರಲ್ಲಿ 8 ನಂಬರಿನ ಕಡ್ಡಿಯಲ್ಲಿ 10 ಸೆಂ.ಮೀ.ಗೆ 18 ಕುಣಿಕೆ ಎಂದು ಬರೆದಿತ್ತು. ಅತ್ತೆಯವರ ಹಳೆಯ ಡಬ್ಬಿಯಲ್ಲಿ 8 ನಂಬರಿನ ಜೋಡಿಯೇ ಸಿಕ್ಕಿತು. ಬೆನ್ನಿಗೆ 90 ಕುಣಿಕೆ ಹಾಕಿದೆ, 50 ಸೆಂ.ಮೀ. ಬರಬೇಕಾದದ್ದು 41 ಸೆಂ.ಮೀ. ಬಂತು, ಬಟ್ಟೆ ಹಲಗೆಯಂತೆ ಗಟ್ಟಿಯಾಯಿತು. ಕಾರಣವೇನೆಂದರೆ, ನಮ್ಮಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹಳೆಯ ಬ್ರಿಟಿಷ್ ಪದ್ಧತಿಯ 8 ನಂಬರ್ ಎಂದರೆ 4 ಮಿ.ಮೀ.; ಅಮೆರಿಕದ 8 ನಂಬರ್ ಎಂದರೆ 5 ಮಿ.ಮೀ. ಎರಡೂ ಪದ್ಧತಿಗಳ ನಡೆ ಎದುರುಬದುರು: ಬ್ರಿಟಿಷ್ ಕ್ರಮದಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳುವಾಗುತ್ತದೆ, ಅಮೆರಿಕದ ಕ್ರಮದಲ್ಲಿ ದಪ್ಪವಾಗುತ್ತದೆ. 10 ನಂಬರಿಗೆ ಬಂದರೆ ಅಂತರ ಇನ್ನೂ ದೊಡ್ಡದು. ಬ್ರಿಟಿಷ್ 10 ಎಂದರೆ 3.25 ಮಿ.ಮೀ., ಅಮೆರಿಕದ 10 ಎಂದರೆ 6 ಮಿ.ಮೀ. ಆದ್ದರಿಂದ ಅಳತೆ ತಪ್ಪಿದಾಗ ಮೊದಲು ಸಂಶಯಪಡಬೇಕಾದದ್ದು ಕಡ್ಡಿಯ ತಲೆಯ ಮೇಲಿನ ಅಂಕಿಯನ್ನು. ಅಂಕಿಯನ್ನು ಮರೆತು ಮಿಲಿಮೀಟರಿನಲ್ಲೇ ಅಳೆಯುವುದು ಲೇಸು. ತೂತುಗಳಿರುವ ಅಳತೆಪಟ್ಟಿ ಇಲ್ಲದಿದ್ದರೆ ಬೈಕ್ ಗ್ಯಾರೇಜಿನಲ್ಲಿ ವರ್ನಿಯರ್ ಇರುತ್ತದೆ. ನಾನು ಹೆಣಿಗೆ ಕಡ್ಡಿ ಹಿಡಿದುಕೊಂಡು ಗ್ಯಾರೇಜಿಗೆ ಹೋದದ್ದು ಊರಿನಲ್ಲಿ ಒಂದು ವಾರದ ನಗೆಯ ವಿಷಯವಾಗಿತ್ತು, ಆದರೆ ಉತ್ತರ ಸಿಕ್ಕಿದ್ದು ಅಲ್ಲೇ.

ಟೋಪಿಯ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕಡ್ಡಿ ಸರಿಯಿತ್ತು, ಕೈ ಸರಿಯಿತ್ತು, ಹೆಣೆಯುವಾಗ ಅಳತೆಯೂ ಸರಿಯಿತ್ತು. ಒಮ್ಮೆ ಒಗೆದ ಮೇಲೆ ಅದು ಬೆಳೆಯಿತು. ಮೆಷಿನ್ನಿನಲ್ಲಿ ಒಗೆಯಬಹುದೆಂದು ಲೇಬಲ್ಲಿನಲ್ಲಿ ಬರೆದಿರುವ ‘ಸೂಪರ್‌ವಾಶ್’ ಉಣ್ಣೆಯಲ್ಲಿ, ಎಳೆಗಳ ಮೇಲಿನ ಸಹಜವಾದ ಪೊರೆಗಳು ಒಂದಕ್ಕೊಂದು ಕಚ್ಚಿಕೊಳ್ಳದಂತೆ ರಾಸಾಯನಿಕ ಸಂಸ್ಕಾರ ಮಾಡಿರುತ್ತಾರೆ. ಇದರಿಂದ ಅದು ಕುಗ್ಗಿ ಗಂಟಾಗುವುದಿಲ್ಲ, ನಿಜ. ಆದರೆ ಕುಣಿಕೆಗಳನ್ನು ಹಿಡಿದಿಡುವ ಆ ಕಚ್ಚುವಿಕೆಯೂ ಇಲ್ಲದ ಕಾರಣ ನೀರು ಕುಡಿದಾಗ ಬಟ್ಟೆ ಜೋಲುತ್ತದೆ. ಹಾಗಾಗಿ ಅಳತೆ ನೋಡಲೆಂದೇ ಮೊದಲು ಹೆಣೆಯುವ ಸಣ್ಣ ತುಂಡನ್ನು ಹೆಣೆದೊಡನೆ ಅಳೆಯುವುದು ಅರ್ಧ ಅಳತೆ. ಕನಿಷ್ಠ 15 ಸೆಂ.ಮೀ. ಚೌಕದ ತುಂಡನ್ನು ಹೆಣೆದು, ಮುಂದೆ ಬಟ್ಟೆಯನ್ನು ಹೇಗೆ ಒಗೆಯುವಿರೋ ಹಾಗೆಯೇ ಅದನ್ನೂ ಒಗೆದು, ಪೂರ್ತಿ ಒಣಗಿದ ಮೇಲೆ ಅಳೆಯಬೇಕು. ಪುಷ್ಯ ಮಳೆಯ ದಿನಗಳಲ್ಲಿ ಒಂದು ತುಂಡು ಒಣಗಲು ನಮ್ಮಲ್ಲಿ ಮೂರು ದಿನ ಹಿಡಿಯುತ್ತದೆ. ಈ ಮೂರು ದಿನದ ಅಸಹನೆಯೇ ನನ್ನ ಟೋಪಿಯ ನಿಜವಾದ ದೋಷ.

ಲಕ್ಷಣ: ಬಟ್ಟೆಯ ನಡುವೆ ಅಡ್ಡಗೆರೆ

ತೋಳನ್ನು ಬೆಳಕಿಗೆ ಒಡ್ಡಿದರೆ ಮೊಣಕೈಯ ಹತ್ತಿರ ಒಂದು ಗೆರೆ ಕಾಣುತ್ತದೆ. ಕೆಳಗಿನದು ಒಂದು ಕೈ ಹೆಣೆದಂತೆ, ಮೇಲಿನದು ಇನ್ನೊಂದು ಕೈ ಹೆಣೆದಂತೆ. ಹೆಣೆದದ್ದು ಒಂದೇ ಕೈ, ನಡುವೆ ಹತ್ತು ತಿಂಗಳು ಕಳೆದಿತ್ತು ಅಷ್ಟೆ. ನಿಂತು ಮುಂದುವರಿದ ಕೆಲಸಗಳಲ್ಲಿ ಅಡ್ಡಗೆರೆಗೆ ನಾಲ್ಕು ಕಾರಣಗಳಿರುತ್ತವೆ, ಅವುಗಳನ್ನು ಬೇರ್ಪಡಿಸಿ ನೋಡಬೇಕು. ಗೆರೆ ಒಂದೇ ಸಾಲಿನದಾಗಿದ್ದು, ಅಲ್ಲಿನ ಕುಣಿಕೆಗಳು ಮಾತ್ರ ಅಗಲವಾಗಿದ್ದರೆ, ಕೆಲಸ ಕಡ್ಡಿಯ ಮೇಲೇ ಕೂತಿದ್ದರಿಂದ ಅವು ಹಿಗ್ಗಿವೆ ಎಂದು ಅರ್ಥ. ಉಣ್ಣೆಯಾದರೆ ಒಮ್ಮೆ ಒಗೆದಾಗ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಮುಂದುವರಿಸುವ ಮೊದಲು ಎರಡು ಸಾಲು ಬಿಚ್ಚಿ ಹೊಸದಾಗಿ ಹೆಣೆದರೆ ಇನ್ನೂ ಚೆನ್ನು. ಗೆರೆಯ ಜೊತೆ ಕಂದು ಕಲೆಗಳಿದ್ದರೆ ಅದು ತುಕ್ಕು: ಲೇಪ ಹೋದ ಹಳೆಯ ಕಬ್ಬಿಣದ ಕಡ್ಡಿಯನ್ನು ಮಲೆನಾಡಿನ ತೇವದಲ್ಲಿ ಕುಣಿಕೆಗಳ ಒಳಗೆ ತಿಂಗಳುಗಟ್ಟಲೆ ಬಿಡಬಾರದು. ಕೊಯ್ಲಿಗೆ ಮೊದಲು ಬುಟ್ಟಿ ಅಟ್ಟಕ್ಕೆ ಹೋಗುವಾಗ ಕುಣಿಕೆಗಳನ್ನೆಲ್ಲ ಹತ್ತಿಯ ದಾರಕ್ಕೆ ಪೋಣಿಸಿ ಕಡ್ಡಿಯನ್ನು ತೆಗೆದಿಡುವುದನ್ನು ಈಗ ನಾನು ತಪ್ಪಿಸುವುದಿಲ್ಲ.

ಮೂರನೆಯದು, ಗೆರೆಯ ಮೇಲೂ ಕೆಳಗೂ 10 ಸೆಂ.ಮೀ.ಗೆ ಕುಣಿಕೆಗಳ ಸಂಖ್ಯೆಯೇ ಬೇರೆಯಾಗಿರುವುದು. ಇದಕ್ಕೆ ಒಗೆತ ಪರಿಹಾರವಲ್ಲ. ಮೊದಲ ಭಾಗ ಲೋಹದ ಕಡ್ಡಿಯಲ್ಲಿ, ಎರಡನೆಯದು ಬಿದಿರಿನ ಕಡ್ಡಿಯಲ್ಲಿ ಆಗಿರಬಹುದು. ಎರಡೂ 4 ಮಿ.ಮೀ. ಆದರೂ, ತೇವದ ಹವೆಯಲ್ಲಿ ಬಿದಿರಿನ ಮೇಲೆ ನೂಲು ಜಾರದೆ ತಡೆಯುವುದರಿಂದ ಕೈ ತಾನಾಗಿ ಬೇರೆ ಬಲ ಹಾಕುತ್ತದೆ. ಅಥವಾ ಬೆನ್ನನ್ನು ಹಿಂದೆ ಮುಂದೆ ತಿರುಗಿಸಿ ಹೆಣೆದು, ತೋಳನ್ನು ವೃತ್ತದ ಕಡ್ಡಿಯಲ್ಲಿ ಸುತ್ತ ಹೆಣೆದಿರಬಹುದು. ಸುತ್ತ ಹೆಣೆಯುವಾಗ ಇರುವುದು ನಿಟ್ (ಸೀದಾ ಕುಣಿಕೆ) ಮಾತ್ರ, ಪರ್ಲ್ (ಉಲ್ಟಾ ಕುಣಿಕೆ) ಸಾಲುಗಳೇ ಇರುವುದಿಲ್ಲ. ಬಹಳ ಜನರ ಪರ್ಲ್, ನಿಟ್‌ಗಿಂತ ಸಡಿಲವಾಗಿರುವುದರಿಂದ ಎರಡು ಭಾಗಗಳು ಹೊಂದುವುದಿಲ್ಲ. ಸಂಶಯವಿದ್ದರೆ ಬೆನ್ನಿನ ಹಿಂಬದಿಯನ್ನು ನೋಡಿ: ಸಾಲುಗಳು ಎರಡೆರಡಾಗಿ ಗುಂಪು ಕಟ್ಟಿ ನಡುವೆ ಸಣ್ಣ ಕಾಲುವೆಗಳು ಕಂಡರೆ ಪರ್ಲ್ ಸಡಿಲವಾಗಿದೆ ಎಂಬುದು ನಿಶ್ಚಯ. ಪರ್ಲ್ ಸಾಲಿಗೆ ಮಾತ್ರ ಕಾಲು ಮಿಲಿಮೀಟರ್ ತೆಳುವಾದ ಕಡ್ಡಿಯನ್ನು ಬಳಸಿದರೆ ಇದು ನಿಲ್ಲುತ್ತದೆ. ಕೈಯನ್ನು ತಿದ್ದುವುದಕ್ಕಿಂತ ಕಡ್ಡಿಯನ್ನು ಬದಲಿಸುವುದು ಸುಲಭ.

ಗೆರೆ ಬಣ್ಣದ್ದಾಗಿದ್ದರೆ ಬೇರೇನನ್ನೂ ಹುಡುಕಬೇಡಿ. ಉಂಡೆಗಳು ಬೇರೆ ಬೇರೆ ಬಾರಿ ಬಣ್ಣಕ್ಕೆ ಹಾಕಿದವು. ಲೇಬಲ್ಲಿನಲ್ಲಿ ಬಣ್ಣದ ಸಂಖ್ಯೆಯ ಪಕ್ಕದಲ್ಲಿರುವ ಲಾಟ್ ಸಂಖ್ಯೆಯೂ ಒಂದೇ ಆಗಿರಬೇಕು. ಗಾಂಧಿ ಬಜಾರಿಗೆ ಒಂದು ವರ್ಷ ಬಿಟ್ಟು ಹೋಗಿ ಅದೇ ಲಾಟ್ ಕೇಳಿದರೆ ಸಿಗುವುದಿಲ್ಲ, ಅದು ಅಂಗಡಿಯವರ ತಪ್ಪೂ ಅಲ್ಲ. ಹಳೆಯ ಉಂಡೆಯಲ್ಲಿ ಎರಡು ಸಾಲು, ಹೊಸ ಉಂಡೆಯಲ್ಲಿ ಎರಡು ಸಾಲು ಎಂದು ಹೆಣೆಯುತ್ತಾ ಹೋದರೆ ವ್ಯತ್ಯಾಸ ಹರಡಿ ಕಣ್ಣಿಗೆ ಕಾಣದಂತಾಗುತ್ತದೆ.

ಲಕ್ಷಣ: ಕುಣಿಕೆಗಳ ಎಣಿಕೆ ಏರಿಳಿಯುತ್ತಿದೆ

ಹೆಚ್ಚಾಗುತ್ತಿದ್ದರೆ ಮೊದಲು ಅಂಚನ್ನು ನೋಡಬೇಕು. ಸಾಲಿನ ಆರಂಭದಲ್ಲಿ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆಯ ಎರಡು ಕಾಲುಗಳು ಎರಡು ಕುಣಿಕೆಗಳಂತೆ ತೋರುತ್ತವೆ. ಹೊಸಬರು ಎರಡನ್ನೂ ಹೆಣೆಯುತ್ತಾರೆ, ಬಟ್ಟೆ ತ್ರಿಕೋನವಾಗುತ್ತದೆ. ಅಂಚು ನೇರವಾಗಿದ್ದು ನಡುವೆ ಸಣ್ಣ ತೂತುಗಳಿದ್ದರೆ, ನಿಟ್‌ನಿಂದ ಪರ್ಲ್‌ಗೆ ಹೋಗುವಾಗ ನೂಲನ್ನು ಕಡ್ಡಿಗಳ ನಡುವಿನಿಂದ ತರದೆ ಕಡ್ಡಿಯ ಮೇಲಿಂದ ತಂದಿದ್ದೀರಿ. ತೂತಿಲ್ಲದೆ ಹೆಚ್ಚಾಗಿದ್ದರೆ ನೂಲಿನ ಎಳೆ ಸೀಳಿ ಒಂದು ಕುಣಿಕೆ ಎರಡಾಗಿರುತ್ತದೆ.

ಕಡಿಮೆಯಾಗಿದ್ದರೆ ಎಲ್ಲೋ ಒಂದು ಜಾರಿದೆ. ಅದಕ್ಕೆ ತಕ್ಷಣ ಪಿನ್ನು ಹಾಕಿ, ಕುಣಿಕೆ ಜಾರಿದ ಜಾಗದಲ್ಲಿ ಏಣಿಯ ಮೆಟ್ಟಿಲುಗಳಂತೆ ಕಾಣುವ ಅಡ್ಡ ಎಳೆಗಳನ್ನು ಕ್ರೋಷಾ ಕಡ್ಡಿಯಿಂದ ಒಂದೊಂದಾಗಿ ಕುಣಿಕೆಯೊಳಗಿಂದ ಎಳೆದು ಅದನ್ನು ಮೇಲಕ್ಕೆ ತರುವುದು, ಬಿಚ್ಚುವ ಅಗತ್ಯವಿಲ್ಲ. ಕಷ್ಟದ ವಿನ್ಯಾಸವಾದರೆ ಪ್ರತಿ ಇಪ್ಪತ್ತು ಸಾಲಿಗೊಮ್ಮೆ ತೆಳುವಾದ ನೈಲಾನ್ ದಾರವನ್ನು ಎಲ್ಲ ಕುಣಿಕೆಗಳೊಳಗೆ ಹಾಯಿಸಿಟ್ಟರೆ, ಬಿಚ್ಚುವಾಗ ಬಟ್ಟೆ ಆ ದಾರದ ಬಳಿ ನಿಲ್ಲುತ್ತದೆ.

ಲಕ್ಷಣ: ಮಫ್ಲರ್ ಸುರುಳಿಕೊಳ್ಳುತ್ತದೆ

ಇದು ದೋಷವಲ್ಲ, ವಿನ್ಯಾಸದ ಸ್ವಭಾವ. ಒಂದು ಬದಿ ಪೂರ್ತಿ ನಿಟ್, ಇನ್ನೊಂದು ಬದಿ ಪೂರ್ತಿ ಪರ್ಲ್ ಆಗಿರುವ ಬಟ್ಟೆಯ ಪಕ್ಕದ ಅಂಚುಗಳು ಹಿಂಬದಿಗೆ, ಮೇಲಿನ ಮತ್ತು ಕೆಳಗಿನ ಅಂಚುಗಳು ಮುಂಬದಿಗೆ ಸುರುಳಿಕೊಳ್ಳುತ್ತವೆ. ಎರಡೂ ಬದಿಗೆ ನಿಟ್ ಮತ್ತು ಪರ್ಲ್ ಸಮನಾಗಿ ಹಂಚಿರುವ ರಿಬ್ ವಿನ್ಯಾಸದಲ್ಲಿ ಈ ತೊಂದರೆಯೇ ಇಲ್ಲ. ನಾನು ಅದನ್ನು ತಿಳಿಯದೆ ಇಸ್ತ್ರಿ ಪೆಟ್ಟಿಗೆಯಿಂದ ಸುರುಳಿಯನ್ನು ಸರಿಪಡಿಸಲು ಹೊರಟೆ. ನೂಲು ಅಕ್ರಿಲಿಕ್, ಬಿಸಿ ಆವಿ ತಾಗಿದೊಡನೆ ಅದರ ಪುಟಿತನ ಶಾಶ್ವತವಾಗಿ ಹೋಗಿ, ಮಫ್ಲರ್ ಹಳೆಯ ಸೀರೆಯ ಸೆರಗಿನಂತೆ ಜೋತುಬಿತ್ತು. ಅಷ್ಟಾದರೂ ಅಂಚಿನ ಎರಡು ಬೆರಳಗಲ ಮಾತ್ರ ಇನ್ನೂ ಸುರುಳಿಕೊಳ್ಳುತ್ತದೆ. ಉಣ್ಣೆಯಾಗಿದ್ದರೆ ನೆನೆಸಿ, ಹರಡಿ, ಪಿನ್ನು ಹಾಕಿ ಒಣಗಿಸಬಹುದಿತ್ತು.

ಕತ್ತಿನ ಪಟ್ಟಿಯಲ್ಲಿ ತಲೆ ಹೋಗದಿದ್ದರೆ, ಕಾಲುಚೀಲದ ಬಾಯಿ ಹಿಮ್ಮಡಿ ದಾಟದಿದ್ದರೆ, ಕಾರಣ ಕೊನೆಯ ಒಂದೇ ಸಾಲಿನಲ್ಲಿದೆ. ಅದನ್ನು ಬಿಚ್ಚಿ, ಎರಡು ಅಳತೆ ದಪ್ಪದ ಕಡ್ಡಿಯಲ್ಲಿ ಕುಣಿಕೆಗಳನ್ನು ಮುಚ್ಚಿದರೆ ಸಾಕು.

ಲಕ್ಷಣ: ವಾಸನೆ, ಬೂಸ್ಟು, ತೂತು, ಗಂಟು

ಬಯಲುಸೀಮೆಯಲ್ಲಿ ಹೆಣೆಯುವವರಿಗೆ ಈ ಭಾಗ ಅಷ್ಟಾಗಿ ಬೇಕಾಗಲಿಕ್ಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅದರ ಸುತ್ತಿನ ಮನೆಗಳಲ್ಲಿ ಗೋಡೆ, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಸ್ಟು ಬರುವಾಗ ನೂಲಿಗೆ ಬಾರದಿರುತ್ತದೆಯೇ? ಉಣ್ಣೆ ತನ್ನ ತೂಕದ ಶೇ. 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಈ ಗುಣ ಎರಡು ರೀತಿಯಲ್ಲಿ ಮೋಸ ಮಾಡುತ್ತದೆ. ಒಂದು, ಒಣಗಿದೆಯೆಂದು ತಿಳಿದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ. ಇನ್ನೊಂದು, ಉಳಿದ ನೂಲು ಸಾಕಾಗುತ್ತದೆಯೇ ಎಂದು ತೂಕ ಹಾಕುವವರಿಗೆ ಆಷಾಢದ ತಕ್ಕಡಿ ಹೆಚ್ಚು ತೋರಿಸುತ್ತದೆ; ಬೇಸಿಗೆಯಲ್ಲಿ ಬರೆದಿಟ್ಟ ತೂಕದೊಂದಿಗೆ ಅದನ್ನು ಹೋಲಿಸಬಾರದು. ಒಂದೇ ದಿನ ಉಂಡೆಯನ್ನು ತೂಗಿ, ನಾಲ್ಕು ಸಾಲು ಹೆಣೆದು, ಮತ್ತೆ ತೂಗಿ, ಸಾಲಿಗೆಷ್ಟು ಎಂದು ಲೆಕ್ಕ ಹಾಕಿದರೆ ಉತ್ತರ ಸರಿಯಾಗಿರುತ್ತದೆ.

ಬೂಸ್ಟಿನ ವಾಸನೆ ಬಂದರೆ, ಮಳೆ ಹೊಳವಾದಾಗ ಅಂಗಳದಲ್ಲಿ ಮೆತ್ತಗಿನ ಬ್ರಷ್ಷಿನಿಂದ ಕೊಡವಿ, ತಣ್ಣೀರಿನಲ್ಲಿ ಅಂಟುವಾಳದ ನೊರೆಯಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ಕಲೆ ಹೋಗಲೆಂದು ಬ್ಲೀಚ್ ಹಾಕಿದರೆ ಕಲೆಯ ಜೊತೆ ಉಣ್ಣೆಯೂ ಕರಗುತ್ತದೆ. ಒಣಗಿಸುವುದಕ್ಕೆ ಬಚ್ಚಲೊಲೆಯ ಮೇಲಿನ ಗಳು ನಮ್ಮಲ್ಲಿ ರೂಢಿ. ಸೀರೆ, ಪಂಚೆಗೆ ಅದು ಸರಿ. ಸ್ವೆಟರನ್ನು ಗಳುವಿಗೆ ನೇತು ಹಾಕಿದರೆ ಮೂರು ದಿನಕ್ಕೆ ತೋಳು ಮೊಣಕಾಲು ಮುಟ್ಟುತ್ತದೆ, ಹೊಗೆಯ ವಾಸನೆ ಮುಂದಿನ ವರ್ಷಕ್ಕೂ ಉಳಿಯುತ್ತದೆ. ಒಲೆಯಿಂದ ದೂರ, ಬೆಚ್ಚಗಿರುವ ಕೋಣೆಯಲ್ಲಿ, ಬುಟ್ಟಿ ಮಗುಚಿ ಅದರ ಮೇಲೆ ಹರಡುವುದು ಮೇಲು.

ತೂತು ಕಂಡರೆ, ಅದು ಜಾರಿದ ಕುಣಿಕೆಯೋ ಹುಳು ತಿಂದದ್ದೋ ಎಂಬುದನ್ನು ಎಳೆಯ ತುದಿಯಿಂದ ತಿಳಿಯಬೇಕು. ಜಾರಿದ್ದರೆ ನೂಲು ತುಂಡಾಗಿರುವುದಿಲ್ಲ, ಕೆಳಗೊಂದು ಏಣಿ ಇರುತ್ತದೆ. ತಿಂದಿದ್ದರೆ ಅಕ್ಕಪಕ್ಕದ ಹಲವು ಎಳೆಗಳು ಕತ್ತರಿಸಿರುತ್ತವೆ. ಹತ್ತಿರದಲ್ಲೇ ಮರಳಿನಂಥ ಹಿಕ್ಕೆಯೂ ಕಾಣಬಹುದು. ತಿನ್ನುವುದು ಬಟ್ಟೆಹುಳುವಿನ ಮರಿ, ಹಾರುವ ಪತಂಗವಲ್ಲ. ಅಂಥ ಬಟ್ಟೆಯನ್ನು ಬುಟ್ಟಿಯಿಂದ ಬೇರೆ ಮಾಡಿ, ಕವರಿನಲ್ಲಿ ಬಿಗಿದು, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುವುದು ಒಳ್ಳೆಯ ಉಪಾಯ, ಎರಡು ವಾರ ಕರೆಂಟು ಇರುವ ಊರಿನಲ್ಲಿ. ಉಳಿದವರು ಬಿಸಿಲು ಬಂದಾಗಲೆಲ್ಲ ಬಿಚ್ಚಿ ಕೊಡವುತ್ತಿರಬೇಕು. ಲಕ್ಕಿ ಸೊಪ್ಪಿನ ಮೇಲೆ ಅತ್ತೆಯವರಿಗೆ ನಂಬಿಕೆಯಿದೆ. ನಾನೂ ಇಡುತ್ತೇನೆ, ಆದರೆ ಕೊಡವುವುದನ್ನು ಬಿಟ್ಟಿಲ್ಲ.

ಇನ್ನು, ಉಣ್ಣೆಯ ಬಟ್ಟೆ ಕುಗ್ಗಿ ದಪ್ಪವಾಗಿದ್ದರೆ ಒಂದೇ ಪ್ರಶ್ನೆ ಕೇಳಬೇಕು: ಒಂದೊಂದು ಕುಣಿಕೆ ಬಿಡಿಯಾಗಿ ಕಾಣುತ್ತಿದೆಯೇ? ಕಂಡರೆ ನೆನೆಸಿ, ಎಳೆದು, ಪಿನ್ನು ಹಾಕಿ ಸ್ವಲ್ಪ ಮರಳಿ ಪಡೆಯಬಹುದು. ಕಾಣದಿದ್ದರೆ ಹಂಡೆಯ ಬಿಸಿನೀರು ಮತ್ತು ಉಜ್ಜಾಟ ಎರಡೂ ಸೇರಿ ಎಳೆಗಳ ಪೊರೆಗಳನ್ನು ಪರಸ್ಪರ ಬಿಗಿದಿವೆ. ಅದನ್ನು ಬಿಚ್ಚುವ ದಾರಿಯಿಲ್ಲ. ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆಯಾಗಿ ಕತ್ತರಿಸಿಕೊಳ್ಳಬಹುದು.

ಬಿಚ್ಚಲೇಬೇಕಾದಾಗ

ಬಿಚ್ಚಿದ ನೂಲು ಗುಂಗುರಾಗಿರುತ್ತದೆ. ಅದನ್ನು ಹಾಗೆಯೇ ಹೆಣೆದರೆ ಕುಣಿಕೆಗಳು ಒರಟೊರಟಾಗಿ, ಅಳತೆ ಸುಳ್ಳು ಹೇಳುತ್ತದೆ. ಹೊಸ ದೋಷವೊಂದನ್ನು ಹಳೆಯದರ ಮೇಲೆ ಕಟ್ಟಿದಂತಾಗುತ್ತದೆ. ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೇತು ಹಾಕಿ ಒಣಗಿಸಿದರೆ ಉಣ್ಣೆ ಮತ್ತೆ ನೇರವಾಗುತ್ತದೆ. ಅಕ್ರಿಲಿಕ್‌ನ ಗುಂಗುರು ಇಷ್ಟಕ್ಕೆ ಪೂರ್ತಿ ಹೋಗುವುದಿಲ್ಲ.

ಲಕ್ಷಣ: ಯಾವ ದೋಷವೂ ಇಲ್ಲ, ಆದರೂ ಕೆಲಸ ಮುಂದೆ ಹೋಗುತ್ತಿಲ್ಲ

ಇಲ್ಲಿ ಪರೀಕ್ಷಿಸಬೇಕಾದದ್ದು ಕೆಲಸ ನಿಂತ ಸಾಲನ್ನು. ನನ್ನ ಬುಟ್ಟಿಯಲ್ಲಿ ಅದು ಪ್ರತಿಬಾರಿಯೂ ಅರಿಯದ ಒಂದು ಹೆಜ್ಜೆಗೆ ಸರಿಯಾಗಿ ಹಿಂದಿನ ಸಾಲಾಗಿತ್ತು: ಬಗಲಿನ ಇಳಿಕೆ, ಕತ್ತಿಗೆ ಕುಣಿಕೆ ಎತ್ತುವುದು, ಹಿಮ್ಮಡಿ ತಿರುಗಿಸುವುದು. ಆ ಹೆಜ್ಜೆಯನ್ನು ಮಾತ್ರ ಉಳಿಕೆ ನೂಲಿನಲ್ಲಿ ಸಣ್ಣದಾಗಿ ಒಮ್ಮೆ ಹೆಣೆದು ನೋಡಿದರೆ ಬುಟ್ಟಿ ಅಲುಗುತ್ತದೆ. ಸ್ವೆಟರನ್ನು ನಾನು ಮೂರನೆಯ ಬಾರಿ ಬಿಚ್ಚಲಿಲ್ಲ, 82 ಸೆಂ.ಮೀ. ಸುತ್ತಳತೆ ಮೈದುನನ ಮಗನಿಗೆ ಸರಿಹೋಗುತ್ತದೆ, ತೋಳಿನ ಮೇಲ್ಭಾಗವನ್ನಷ್ಟೇ ಮೊದಲಿನ ಲೋಹದ ಕಡ್ಡಿಯಲ್ಲಿ ಮತ್ತೆ ಹೆಣೆಯುತ್ತಿದ್ದೇನೆ. ಟೋಪಿಯನ್ನು ಬಿಚ್ಚಿ ಲಡಿ ಮಾಡಿ ನೇತು ಹಾಕಿದ್ದೇನೆ. ಕಾಲುಚೀಲದ ಜೋಡಿಗೆ ಅಡ್ಡಿಯಾಗಿರುವುದು ಮೊದಲನೆಯದರ ಪಾದದ ಸಾಲುಗಳನ್ನು ಆಗ ಬರೆದಿಡದೆ ಹೋದದ್ದು: 58 ಇರಬಹುದು, 60 ಇರಬಹುದು. ಕಡು ನೀಲಿ ನೂಲು, ನಾಲ್ಕು ದಿನದಿಂದ ಮೋಡ. ಹೊಳವಾದ ದಿನ ಜಗಲಿಯಲ್ಲಿ ಕೂತು ಎಣಿಸಬೇಕು.